ನಲವತ್ತಾರು ಮುಖ್ಯ ಅತಿಥಿಗಳ ಊಟ

೨೦೨೩ರ ಆಗಸ್ಟ್ ೭, ಸೋಮವಾರ. ರಮಾದೇವಿಯವರ ಡೈರಿಯ ಆ ದಿನದ ಪುಟದಲ್ಲಿ ಹೀಗೆ ಬರೆದಿದೆ: "ಕಾಲೇಜಿನ ಉಚಿತ ಊಟಕ್ಕೆ ಅರ್ಹ ವಿದ್ಯಾರ್ಥಿಗಳು ನಲವತ್ತಾರು. ಉಂಡವರು ಯಾರೂ ಇಲ್ಲ. ಕಾರಣ: ಮಾಹಿತಿಯ ಕೊರತೆ."

ಕಾರಣ ತಿಳಿದ ಮೇಲೆ ಸುಮ್ಮನೆ ಕೂರುವ ಜೀವವಲ್ಲ ಅದು. ಮೈಸೂರಿನಲ್ಲಿ ಎಂ.ಎ. ಮಾಡಿ ಎರಡನೇ ರ‍್ಯಾಂಕ್ ಪಡೆದವರು, ಮೂವತ್ತನಾಲ್ಕು ವರ್ಷ ಅರ್ಥಶಾಸ್ತ್ರ ಕಲಿಸಿದವರು. ಕಾವೂರಿನ ಮನೆಯಲ್ಲಿ ಇವರನ್ನು ಕೇಳದೆ ಮೂವರು ಸೊಸೆಯಂದಿರಲ್ಲಿ ಒಬ್ಬಳೂ ಕುಕ್ಕರ್ ಇಡುವುದಿಲ್ಲ. ನಿವೃತ್ತಿಯಾದರೂ ಪಡುಗಡಲು ಪ್ರಥಮ ದರ್ಜೆ ಕಾಲೇಜು ಅವರನ್ನು ಬಿಟ್ಟಿರಲಿಲ್ಲ. ಊಟ ಮಾಹಿತಿ ಸಮಿತಿಗೆ ಗೌರವಾಧ್ಯಕ್ಷೆಯಾಗಿ ಉಳಿಸಿಕೊಂಡಿತ್ತು.

ಅರ್ಹರಲ್ಲಿ ಒಬ್ಬಳು ಹೊಳೆಯಾಚೆಯ ಬೆಂಗ್ರೆಯ ಸುಹೈಲಾ, ಎರಡನೇ ಬಿ.ಎಸ್ಸಿ. ಬೆಳಿಗ್ಗೆ ಬರೀ ಚಾ ಕುಡಿದು ಫೆರಿ ಹತ್ತುವವಳು, ಒಂದು ಗಂಟೆಗೆ ಹಸಿವು ತಡೆಯದೆ ಮತ್ತೆ ಫೆರಿ ಹತ್ತಿ ಮನೆಗೆ ಹೋಗುತ್ತಿದ್ದಳು. ಒಂದೂವರೆಯ ಕೆಮಿಸ್ಟ್ರಿ ಪ್ರಾಕ್ಟಿಕಲ್ ತಪ್ಪುತ್ತಿತ್ತು. ಇನ್ನೂ ತಪ್ಪಿದರೆ ಪರೀಕ್ಷೆಗೆ ಕೂರಿಸುವುದಿಲ್ಲವೆಂದು ಕಾಲೇಜು ನೋಟಿಸು ಕೊಟ್ಟಿತ್ತು. ಪರೀಕ್ಷೆ ಇಲ್ಲದಿದ್ದರೆ ಸಿಗಡಿ ಸುಲಿಯುವ ಕೆಲಸಕ್ಕೆ ಹೋಗು ಎಂದು ಮನೆಯಲ್ಲಿ ಹೇಳಿಯಾಗಿತ್ತು.

"ಊಟಕ್ಕೆ ಎಂತ ಮಾಡ್ಬೇಕು ಸರ್?" ಎಂದು ಅವಳು ಕಚೇರಿಯಲ್ಲಿ ಕೇಳಿದಳು.

ಸೂಪರಿಂಟೆಂಡೆಂಟ್ ಇಸಿದೋರ್ ಮೂರು ಹಾಳೆಯ ಅರ್ಜಿ ತೆಗೆದರು. "ಆದಾಯ ಸರ್ಟಿಫಿಕೇಟ್, ರೇಶನ್ ಕಾರ್ಡ್, ಮತ್ತೆ ಬೇರೆ ಎಲ್ಲಿಯೂ ನಿನಗೆ ಮಧ್ಯಾಹ್ನದ ಊಟ ಕೊಡುವುದಿಲ್ಲ ಅಂತ ಲೆಟರ್."

"ಅದನ್ನು ಎಲ್ಲಿಂದ ತರುವುದು?"

"ಎಲ್ಲೆಲ್ಲಿ ಕೊಡುವುದಿಲ್ಲವೋ ಅಲ್ಲಿಂದ."

ಪಕ್ಕದಲ್ಲೇ ಕೂತಿದ್ದ ರಮಾದೇವಿಯವರಿಗೆ ಸಮಸ್ಯೆ ಸ್ಪಷ್ಟವಾಯಿತು. ಹುಡುಗಿಗೆ ಎಲ್ಲಿಂದ ತರಬೇಕೆಂಬ ಮಾಹಿತಿಯೂ ಇಲ್ಲ. ಸಮಾರಂಭ ಮಾಡದೆ ಬೇರೆ ದಾರಿಯಿಲ್ಲ.

ಹಾಗೆ ಆಗಸ್ಟ್ ಹದಿನೇಳರಂದು ಸಭಾಂಗಣದಲ್ಲಿ 'ಊಟದ ಕುರಿತು ಒಂದು ಚಿಂತನೆ' ಅಡಿಕೆ ಹೂವಿನ ಹಿಂಗಾರ ಅರಳಿಸುವುದರೊಂದಿಗೆ ಉದ್ಘಾಟನೆಯಾಯಿತು. ವೇದಿಕೆಯಲ್ಲಿ ಏಳು ಗಣ್ಯರು. ಎಂಟನೆಯ ಕುರ್ಚಿಯಲ್ಲಿ, ಇನ್ನೂ ಯಾವ ಫಲವನ್ನೂ ಅನುಭವಿಸದ ಸುಹೈಲಾ, ಫಲಾನುಭವಿಗಳ ಪ್ರತಿನಿಧಿಯಾಗಿ. ವಂದನಾರ್ಪಣೆಯ ನಂತರ ಗಣ್ಯರೆಲ್ಲ ಊಟಕ್ಕೆ ನಡೆದರು. ಸುಹೈಲಾ ಹಿಂದೆಯೇ ಹೋದಳು. ಅಡುಗೆಯ ಗುಣವತಿ ಅವಳ ಎಲೆಗೆ ಕುಚ್ಚಲಕ್ಕಿ ಅನ್ನ, ಅಲಸಂಡೆ ಪಲ್ಯ ಬಡಿಸಿಬಿಟ್ಟಳು.

"ಅರ್ಜಿ ಎಲ್ಲುಂಟು?" ಇಸಿದೋರ್ ಕೇಳಿದರು.

"ಅತಿಥಿಗೆ ಎಂತ ಅರ್ಜಿ ಮಾರಾಯ್ರೇ? ನಿಮ್ಮ ಮನೆಗೆ ನೆಂಟರು ಬಂದ್ರೆ ರೇಶನ್ ಕಾರ್ಡ್ ಕೇಳ್ತೀರಾ?"

ಇಸಿದೋರ್ ನಿಯಮಾವಳಿ ತೆರೆದರು. ನಿಯಮ ಒಂಬತ್ತು: ಮಾಹಿತಿ ಸಮಾರಂಭದ ವೇದಿಕೆಯಲ್ಲಿ ಆಸೀನರಾದ ಅತಿಥಿಗಳಿಗೆ ಅರ್ಜಿಯಿಲ್ಲದೆ ಊಟ ನೀಡತಕ್ಕದ್ದು. ಅವರು ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು. "ಸರಿ ಉಂಟು. ಮಜ್ಜಿಗೆ ಹಾಕು."

ಮರುದಿನ ಸುಹೈಲಾ ರಮಾದೇವಿಯವರ ಮೇಜಿನ ಮುಂದೆ ಬಂದು ನಿಂತಳು. "ಮೇಡಂ, ನಾಳೆಗೆ ಮುಖ್ಯ ಅತಿಥಿ ಸಿಕ್ಕಿದ್ದಾರಾ? ನಾನು ಫ್ರೀ ಇದ್ದೇನೆ. ನನ್ನ ಫ್ರೆಂಡ್ಸ್ ಕೂಡ."

ಇಷ್ಟು ವರ್ಷ ಪಾಠ ಮಾಡಿದರೂ, ಹೇಳಿದ್ದು ಇಷ್ಟು ಬೇಗ ಮಕ್ಕಳ ತಲೆಗೆ ಹೋದದ್ದನ್ನು ರಮಾದೇವಿ ಕಂಡಿರಲಿಲ್ಲ. ಅವರ ಕಣ್ಣು ತುಂಬಿತು. ಅಂದೇ ಪ್ರಕಟಣೆ ಹೊರಟಿತು:

"ಪ್ರತಿದಿನ ಮಧ್ಯಾಹ್ನ ಹನ್ನೆರಡೂವರೆಗೆ ಮಾಹಿತಿ ಸಮಾರಂಭ ನಡೆಯಲಿದ್ದು, ಅರ್ಹ ನಲವತ್ತಾರು ವಿದ್ಯಾರ್ಥಿಗಳು ಮುಖ್ಯ ಅತಿಥಿಗಳಾಗಿ ಚಿತ್ತೈಸಲಿರುವರು. ಸಭಿಕರ ಕೊರತೆ ನೀಗಿಸಲು ಅಧ್ಯಾಪಕರು ಕಡ್ಡಾಯವಾಗಿ ಹಾಜರಿರತಕ್ಕದ್ದು."

ಅತಿಥಿಯೆಂದ ಮೇಲೆ ಶಾಲು ಹೊದೆಸಬೇಕು. ಶಾಲು ಹೊದ್ದ ಮೇಲೆ ಎರಡು ಮಾತು ಆಡಬೇಕು. ಮಾತಿಗೆ ಮೊದಲು ವೇದಿಕೆಯಲ್ಲಿರುವ ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಸಂಬೋಧಿಸಬೇಕು. ಒಬ್ಬರ ಹೆಸರು ಬಿಟ್ಟರೂ ಈ ಊರಿನಲ್ಲಿ ಅದು ಜನ್ಮಕ್ಕೆ ಮರೆಯದ ಅವಮಾನ. ನಲವತ್ತಾರು ಮಂದಿ, ಒಬ್ಬೊಬ್ಬರೂ ಉಳಿದ ನಲವತ್ತೈದು ಹೆಸರು ಹೇಳಿ ಮುಗಿಸುವಾಗ ಮೂರೂವರೆ. ಊಟ ಆಮೇಲೆ.

"ಟೀಚರೇ, ಸಾರು ನಾಲ್ಕು ಸಲ ಬಿಸಿ ಮಾಡಿದೆ," ಎಂದಳು ಗುಣವತಿ. "ಈ ಮಕ್ಕಳಿಗೆ ಮೊದಲು ಬಡಿಸಿದ್ರೆ ಎಂತ?"

"ಸಭೆ ಮುಗಿಯದೆ ಅತಿಥಿಗಳನ್ನು ಎಬ್ಬಿಸ್ಲಿಕ್ಕೆ ಆಗ್ತದಾ ಗುಣವತಿ? ಮರ್ಯಾದೆ ಅಂತ ಒಂದುಂಟಲ್ಲ."

ಸುಹೈಲಾ ಎರಡು ವಾರ ದಿನವೂ ನಲವತ್ತೈದು ಹೆಸರು ಹೇಳಿದಳು. ಮೂರನೆಯ ವಾರ, ಸಭೆಯ ನಡುವೆಯೇ ವೇದಿಕೆ ಇಳಿದು, ಶಾಲು ಹೊದ್ದೇ ರಮಾದೇವಿಯವರ ಬಳಿ ಬಂದಳು. "ಮೇಡಂ, ಒಂದೂವರೆಗೆ ನನಗೆ ಪ್ರಾಕ್ಟಿಕಲ್ ಉಂಟು. ಅದಕ್ಕೇ ಅಲ್ವಾ ನಾನು ಊಟ ಕೇಳಿದ್ದು?"

"ಲ್ಯಾಬಿನಲ್ಲಿ ಯಾರಿದ್ದಾರೆ ಈಗ?"

ಇಬ್ಬರೂ ತಿರುಗಿ ನೋಡಿದರು. ಕೆಮಿಸ್ಟ್ರಿ ಅಧ್ಯಾಪಕಿ ಬ್ರೆಂಡಾ ಸಭಿಕರ ಎರಡನೇ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದರು. ಲ್ಯಾಬಿಗೆ ಬೀಗ.

"ನಿನ್ನದು ತಪ್ಪುವುದೇ ಇಲ್ಲ ಮಗಾ," ಎಂದು ರಮಾದೇವಿ ಸಮಾಧಾನ ಹೇಳಿದರು. "ವೇದಿಕೆಯಲ್ಲಿದ್ದವರಿಗೆ ಹಾಜರಿ ಕೊಡುವಂತೆ ನಾನೇ ಬರೆಸ್ತೇನೆ." ಬರೆಸಿದರು ಕೂಡ. ಸುಹೈಲಾಳ ಹಾಜರಿ ನೂರಕ್ಕೆ ನೂರಾಯಿತು. ಪರೀಕ್ಷೆಗೆ ಕೂರಲು ಯಾವ ಅಡ್ಡಿಯೂ ಉಳಿಯಲಿಲ್ಲ. ಕೂತಳು. ಮುಂದೆ ಇಟ್ಟ ಗಾಜಿನ ಕೊಳವೆಯನ್ನು ಯಾವ ತುದಿಯಿಂದ ಹಿಡಿಯಬೇಕೆಂದು ಕೇಳಿದಳು. ಹೊರಗಿನಿಂದ ಬಂದ ಪರೀಕ್ಷಕರು ಸೊನ್ನೆ ಹಾಕಿದರು.

ಸಮಿತಿಯು ಇದನ್ನು ಸಹಾನುಭೂತಿಯಿಂದ ಪರಿಶೀಲಿಸಿತು. ಫೇಲಾದವರು ಮುಂದಿನ ವರ್ಷವೂ ಊಟಕ್ಕೆ ಅರ್ಹರು ಎಂದು ಇಸಿದೋರ್ ನಿಯಮ ಓದಿ ಹೇಳಿದಾಗ ಎಲ್ಲರಿಗೂ ನಿರಾಳವಾಯಿತು. ಸುಹೈಲಾಳಿಗೂ ಆಯಿತು. "ಹಾಗಾದ್ರೆ ನನ್ನ ಹೆಸರು ಆಮಂತ್ರಣದಲ್ಲಿ ಸ್ವಲ್ಪ ಮೇಲೆ ಹಾಕಿ ಮೇಡಂ," ಎಂದಳು. "ಸೀನಿಯರ್ ಅಲ್ವಾ."

ಡೈರಿಯ ಪ್ರಕಾರ ಒಟ್ಟು ತಗುಲಿದ್ದು: ಅರುವತ್ತೆಂಟು ದಿನಗಳ ಊಟಕ್ಕೆ ತೊಂಬತ್ತಮೂರು ಸಾವಿರದ ಎಂಟುನೂರ ನಲವತ್ತು ರೂಪಾಯಿ. ಶಾಲು, ಹಿಂಗಾರ, ಮೈಕಿಗೆ ಹದಿನಾಲ್ಕು ಲಕ್ಷದ ಹನ್ನೊಂದು ಸಾವಿರ, ಮಾಹಿತಿ ನಿಧಿಯಿಂದ. ಸುಹೈಲಾಳ ಲೆಕ್ಕದಿಂದ ಒಂದು ವರ್ಷ.