ಇಳಿದಾಣ ಸಂಖ್ಯೆ ೨೧೪ರ ಒಡತಿಯ ಅಹವಾಲು

ಡಾಕ್ಟರ್ ಎವಾರಿಸ್ತೊ ಫೊಂತನಾರಿ ಅವರಿಗೆ,
ಮುಖ್ಯಸ್ಥರು, ಹೆಲಿಕಾಪ್ಟರ್ ಇಳಿದಾಣಗಳ ಪರವಾನಗಿ ಉಪವಿಭಾಗ,
ಸಾವೊ ಪಾವ್ಲೊ

ಮಾನ್ಯರೇ,

ಮೊದಲಿಗೆ ತಮಗೂ, ತಮ್ಮ ಕಚೇರಿಯ ಹನ್ನೊಂದು ಕೌಂಟರುಗಳಿಗೂ, ಅವುಗಳಲ್ಲಿ ತೆರೆದಿರುವ ಆ ಒಂದು ಕೌಂಟರಿಗೆ ವಿಶೇಷವಾಗಿಯೂ, ಜಾಬುಟಿಕಾಬಾ ರಸ್ತೆಯ ಗುರುವಾರದ ಸಂತೆಯ ಪರವಾಗಿ ನಮಸ್ಕಾರಗಳು. ತಾವು ನಿಜವಾಗಿ ಡಾಕ್ಟರೋ ಅಲ್ಲವೋ ನನಗೆ ತಿಳಿಯದು. ನಮ್ಮೂರಿನಲ್ಲಿ ಟೈ ಕಟ್ಟಿದವರನ್ನೆಲ್ಲ ಡಾಕ್ಟರ್ ಎನ್ನುವುದು ವಾಡಿಕೆ, ಮತ್ತು ತಮ್ಮ ನೋಟೀಸಿನ ಭಾಷೆ ನೋಡಿದರೆ ತಾವು ಒಂದರ ಮೇಲೊಂದು ಎರಡು ಟೈ ಕಟ್ಟುವವರಿರಬೇಕು ಎನಿಸುತ್ತದೆ.

ನನ್ನ ಹೆಸರು ಒಲಿಂಪಿಯಾ ಹಿಗಾ. ಮೂವತ್ತೊಂದು ವರ್ಷಗಳಿಂದ ಪ್ರತಿ ಗುರುವಾರ ಈ ರಸ್ತೆಯ ತಿರುವಿನಲ್ಲಿ ಪಾಸ್ತೆಲ್ ಕರಿದು ಮಾರುತ್ತಿದ್ದೇನೆ. ಹಿಟ್ಟಿನ ತೆಳು ಹಾಳೆಯೊಳಗೆ ಚೀಸನ್ನೋ ಖೀಮಾವನ್ನೋ ಮಡಿಸಿ ಕಾದ ಎಣ್ಣೆಗೆ ಬಿಡುವ ಈ ಕೆಲಸವನ್ನು ನನಗೆ ಕಲಿಸಿದವರು ಓಕಿನಾವಾದಿಂದ ಹಡಗಿನಲ್ಲಿ ಬಂದ ನನ್ನ ಅಜ್ಜ. ನಮ್ಮ ವಂಶದಲ್ಲಿ ಈತನಕ ಯಾರೂ ಹೆಲಿಕಾಪ್ಟರಿನ ತಂಟೆಗೆ ಹೋದವರಲ್ಲ. ಹೀಗಿರುವಾಗ ತಾವು ಒಂದು ಕಾಗದದ ತುಂಡಿನಿಂದ ನನ್ನನ್ನು ಈ ಮಹಾನಗರದ ವಿಮಾನಯಾನದಲ್ಲಿ ಪಾಲುದಾರಳನ್ನಾಗಿ ಮಾಡಿದ್ದೀರಿ. ಅದಕ್ಕೆ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯದೆ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ಕಳೆದ ಹದಿನೆಂಟನೇ ತಾರೀಖಿನ ಗುರುವಾರ ತಮ್ಮ ಜವಾನರು ನಮ್ಮ ಸಂತೆಗೆ ಬಂದು, ಮೂರು ಸಲ ಈ ತುದಿಯಿಂದ ಆ ತುದಿಗೆ ನಡೆದು, ಕೈಯಲ್ಲಿದ್ದ ನಕ್ಷೆಯನ್ನೂ ಆಕಾಶವನ್ನೂ ಮತ್ತೆ ಮತ್ತೆ ನೋಡಿ, ಕೊನೆಗೆ ನನ್ನ ಬಾಣಲೆಯ ಮುಂದೆ ನಿಂತು, ಇಲ್ಲಿನ ಹೆಲಿಕಾಪ್ಟರ್ ಇಳಿದಾಣದ ಮಾಲೀಕರು ಯಾರು ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿದರು. ಪಕ್ಕದಲ್ಲಿ ಬಾಳೆಹಣ್ಣು ಮಾರುವ ಜೆನಿವಾಲ್ದೊ ಬಾಯಿ ಮುಚ್ಚಿಕೊಂಡು ಹುಟ್ಟಿದವನಲ್ಲ. “ಇವ್ರೇ ಕಣಣ್ಣ, ನಮ್ಮ ಒಲಿಂಪಿಯಾ ಅಕ್ಕ. ಇಲ್ಲಿ ಹೆಲಿಕಾಪ್ಟರ್ ಮಾತ್ರ. ದೊಡ್ಡ ವಿಮಾನ ಎಲ್ಲ ಮೀನಿನ ಸಾಲಲ್ಲಿ ಇಳಿಸ್ತಾರೆ” ಎಂದುಬಿಟ್ಟ. ಜವಾನರು ಮೀನಿನ ಸಾಲಿನ ಕಡೆಗೂ ಒಮ್ಮೆ ನೋಡಿ, ನನ್ನ ಸಹಿ ಪಡೆದು, ಒಂದು ಪಾಸ್ತೆಲ್ ತಿಂದು ಹೋದರು.

ನೋಟೀಸಿನ ಒಕ್ಕಣೆ ಹೀಗಿತ್ತು: ಆಕಾಶದಿಂದ ತೆಗೆದ ಛಾಯಾಚಿತ್ರದಲ್ಲಿ ಈ ಸ್ಥಳದಲ್ಲಿ ಒಂದು ಇಳಿದಾಣ ಕಂಡುಬಂದಿದ್ದು, ಅದನ್ನು ೨೧೪ನೇ ಸಂಖ್ಯೆಯಲ್ಲಿ ನಮೂದಿಸಲಾಗಿದೆ, ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ, ಬೆಂಕಿ ನಂದಿಸುವ ಸಾಧನ ಮತ್ತು ತರಬೇತಾದ ಸಿಬ್ಬಂದಿ ಇಲ್ಲದಿರುವುದರಿಂದ ಮೂವತ್ತು ದಿನಗಳೊಳಗೆ ಕ್ರಮಬದ್ಧಗೊಳಿಸತಕ್ಕದ್ದು, ಇಲ್ಲವಾದರೆ ತೆರವುಗೊಳಿಸಲಾಗುವುದು.

ಮಾನ್ಯರೇ, ಆಕಾಶದಲ್ಲಿದ್ದವರು ಕಂಡದ್ದು ನನ್ನ ಅಂಗಡಿಯ ಟಾರ್ಪಾಲನ್ನು. ಹಿಂದೊಮ್ಮೆ ಯಾವುದೋ ವಸ್ತುಪ್ರದರ್ಶನದಲ್ಲಿ ಹೆಲಿಕಾಪ್ಟರ್ ನಿಲ್ಲಿಸಲು ನೆಲಕ್ಕೆ ಹಾಸಿದ್ದ, ಹಳದಿ ವೃತ್ತದೊಳಗೆ ಬಿಳಿ ಗುರುತು ಬರೆದ ದಪ್ಪ ಟಾರ್ಪಾಲು ಅದು. ಗುಜರಿಯವನ ಹತ್ತಿರ ನನ್ನ ಮೈದುನನಿಗೆ ಸಿಕ್ಕಿತು. ಸಂತೆಯವರಾದ ನಮಗೆ ಮಳೆ ಸೋರದ ಬಟ್ಟೆ ಸಿಕ್ಕರೆ ಅದರ ಮೇಲೆ ಏನು ಬರೆದಿದೆ ಎಂದು ನೋಡುವ ಅಭ್ಯಾಸವಿಲ್ಲ. ಮೀನಿನವನ ತಲೆಯ ಮೇಲೆ ಹಲ್ಲುಜ್ಜುವ ಪೇಸ್ಟಿನ ಜಾಹೀರಾತಿದೆ, ಸೊಪ್ಪಿನವಳ ಮೇಲೆ ಸೋತುಹೋದ ಒಬ್ಬ ಅಭ್ಯರ್ಥಿ ಇಂದಿಗೂ ನಗುತ್ತಿದ್ದಾನೆ. ನನ್ನ ಟಾರ್ಪಾಲು ಕಟ್ಟಿ ಹನ್ನೆರಡು ವರ್ಷವಾಯಿತು, ನಾವೆಲ್ಲ ಕೆಳಗಿನಿಂದ ನೋಡಿದ್ದು ಅದರ ಒಳಮೈಯ ನೀಲಿ ಬಣ್ಣವನ್ನು ಮಾತ್ರ. ಮೇಲಿನಿಂದ ನೋಡಿದವರಲ್ಲಿ ಮೊದಲಿಗರು ತಾವೇ.

ನಾನು ಸುಳ್ಳು ಹೇಳುವವಳಲ್ಲ. ಮರುದಿನವೇ “ಇದು ಇಳಿದಾಣವಲ್ಲ, ಪಾಸ್ತೆಲ್ ಅಂಗಡಿ” ಎಂದು ಒಂದು ಹಾಳೆಯಲ್ಲಿ ಬರೆದುಕೊಂಡು ತಮ್ಮ ಕಚೇರಿಗೆ ಬಂದೆ. ಎಂಬತ್ತೆಂಟನೇ ಟೋಕನ್ ಕೊಟ್ಟು ತಾವು ನನ್ನನ್ನು ನಾಲ್ಕು ಗಂಟೆ ಕಾಯಿಸಿದಿರಿ. ಆ ಉಪಕಾರವನ್ನು ನಾನು ಸಾಯುವವರೆಗೂ ಮರೆಯಲಾರೆ. ಕಾಯಿಸದೆ ಇದ್ದಿದ್ದರೆ, ಕಂಬಕ್ಕೆ ದಾರದಲ್ಲಿ ಕಟ್ಟಿಹಾಕಿದ್ದ ಆ ನಿಯಮಗಳ ಪುಸ್ತಕವನ್ನು ನಾನು ಓದುತ್ತಿರಲಿಲ್ಲ. ನನ್ನ ಮುಂದೆ ಎಂಬತ್ತೇಳನೇ ಟೋಕನ್ ಹಿಡಿದು ಕುಳಿತಿದ್ದ, ನಮ್ಮ ರಸ್ತೆಯ ಎದುರಿನ ಮೂವತ್ತೆರಡು ಮಹಡಿಯ ಗಾಜಿನ ಗೋಪುರದ ಕಡೆಯವನಾದ ಕೋಟುಧಾರಿಯೊಬ್ಬ ಫೋನಿನಲ್ಲಿ ಆಡಿದ ಮಾತೂ ನನ್ನ ಕಿವಿಗೆ ಬೀಳುತ್ತಿರಲಿಲ್ಲ.

“ಇಲ್ಲ ಸಾರ್, ನಮ್ಮ ಬಿಲ್ಡಿಂಗ್ ಮೇಲೆ ಇಳಿದಾಣ ಸದ್ಯಕ್ಕೆ ಆಗಲ್ಲ ಅಂತಾರೆ. ಯಾರೋ ಪುಣ್ಯಾತ್ಮ ನಮಗಿಂತ ಮುಂಚೆ ಅಲ್ಲೇ ಒಂದು ಮಾಡ್ಕೊಂಡು ಕೂತಿದ್ದಾನೆ, ಇನ್ನೂರ ಹದಿನಾಲ್ಕು ಅಂತೆ. ಅದೊಂದು ಹೋದ್ರೆ ಸಾಕು, ನಮ್ಮದು ಮರುದಿನಾನೇ ಪಾಸು. ಆಮೇಲೆ ಆ ಸಂತೇನ ಅವ್ರೇ ಎತ್ತಿ ಮೇಲ್ಸೇತುವೆ ಕೆಳಗೆ ಹಾಕ್ತಾರೆ, ನಾವು ಕೈ ಕೆಸರು ಮಾಡ್ಕೋಬೇಕಾಗಿಲ್ಲ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ನಾನು ಕೈಚೀಲದಲ್ಲಿದ್ದ ನೋಟೀಸನ್ನು ಮುಟ್ಟಿಕೊಂಡೆ. ಆಮೇಲೆ ಪುಸ್ತಕವನ್ನು ಮತ್ತೊಮ್ಮೆ ನಿಧಾನವಾಗಿ ಓದಿದೆ. ಒಂಬತ್ತನೇ ನಿಯಮದ ಪ್ರಕಾರ ಒಂದು ಇಳಿದಾಣದಿಂದ ನಾನೂರು ಮೀಟರಿನೊಳಗೆ ಇನ್ನೊಂದು ಇರುವಂತಿಲ್ಲ. ಹದಿನಾಲ್ಕನೇ ನಿಯಮದ ಪ್ರಕಾರ, ಗೋಪುರದ ಮೇಲಿನಂಥ ಎತ್ತರದ ಇಳಿದಾಣಕ್ಕೆ ಹೆಲಿಕಾಪ್ಟರ್ ಬರುವ ದಾರಿಯ ಕೆಳಗೆ ಗಾಳಿಗೆ ಹಾರುವ ಬಟ್ಟೆ, ಕೊಡೆ, ಚಪ್ಪರ ಯಾವುದೂ ಇರುವಂತಿಲ್ಲ. ಅಂದರೆ ನನ್ನ ಟಾರ್ಪಾಲು ಇಳಿದಾಣವಾಗಿರುವವರೆಗೆ ಸಂತೆ ಇಲ್ಲಿರುತ್ತದೆ. ಅದು ಬರೀ ಟಾರ್ಪಾಲಾದ ದಿನ ಸಂತೆ ಹೋಗುತ್ತದೆ. ನನ್ನ ಟೋಕನ್ ಕೂಗಿದಾಗ ನಾನು ಬರೆದು ತಂದಿದ್ದ ಹಾಳೆಯನ್ನು ನಾಲ್ಕಾಗಿ ಮಡಿಸಿ ಚೀಲಕ್ಕೆ ಹಾಕಿಕೊಂಡು, ಕೌಂಟರಿನ ಹೆಣ್ಣುಮಗಳನ್ನು ಶೌಚಾಲಯ ಎಲ್ಲಿದೆ ಎಂದು ಕೇಳಿ ಮನೆಗೆ ಬಂದೆ.

ಸಂತೆ ಸೇತುವೆಯ ಕೆಳಗೆ ಹೋದರೆ ಏನು ಮುಳುಗಿಹೋಗುತ್ತದೆ ಎಂದು ತಾವು ಕೇಳಬಹುದು. ನಾನು ಮುಳುಗುವುದಿಲ್ಲ, ಎಣ್ಣೆ ಎಲ್ಲಿ ಬೇಕಾದರೂ ಕಾಯುತ್ತದೆ. ನಾನು ಹೇಳುತ್ತಿರುವುದು ಡೋನಾ ಎಸ್ತೆಲೀತಾ ಅವರ ವಿಷಯ. ಎಂಬತ್ತಮೂರು ವರ್ಷದ ಈ ನಿವೃತ್ತ ದರ್ಜಿ, ಮಧ್ಯಾಹ್ನ ಒಂದು ಗಂಟೆಗೆ, ಸಂತೆ ಮುಗಿಯುವ ಹೊತ್ತಿಗೆ ಉಳಿದ ಮಾಲು ಅಗ್ಗವಾಗುವ, ನಾವು ಶೇಪಾ ಎನ್ನುವ ಆ ಗಳಿಗೆಯಲ್ಲಿ, ಚಕ್ರದ ಚೀಲ ಎಳೆದುಕೊಂಡು ಬರುತ್ತಾರೆ. ಅವರ ಒಂದು ವಾರದ ಅಡುಗೆ ಆ ಚೀಲದಲ್ಲಿರುತ್ತದೆ. ಆದರೆ ಅವರು ಬೇಡುವುದಿಲ್ಲ, ಚೌಕಾಸಿ ಮಾಡುತ್ತಾರೆ. “ಈ ಹಣ್ಣು ನೋಡಪ್ಪ, ನನ್ ಕೈ ಥರಾನೇ ಮೈಯೆಲ್ಲ ಮಚ್ಚೆ. ನನಗೇ ಯಾರೂ ಬೆಲೆ ಕೊಡಲ್ಲ, ಇದಕ್ಕೆ ಇಷ್ಟೊಂದಾ?” ಎಂದು ಅವರು ಕೇಳಿದರೆ ಜೆನಿವಾಲ್ದೊ, “ಅದಕ್ಕೇ ಅಜ್ಜಿ, ಇಬ್ರನ್ನೂ ಜೋಡಿ ಮಾಡಿ ಕಳಿಸ್ತಿದೀನಿ, ಎರಡು ಚಿಪ್ಪು ತಗೊಂಡು ಹೋಗಿ” ಎನ್ನುತ್ತಾನೆ. ಇಬ್ಬರೂ ಜಗಳ ಗೆದ್ದೆವೆಂದು ಮನೆಗೆ ಹೋಗುತ್ತಾರೆ. ಸೇತುವೆಯ ಬುಡಕ್ಕೆ ಹೋಗಲು ಎರಡು ಬಸ್ಸು ಬದಲಿಸಬೇಕು, ನಲವತ್ತು ಮೆಟ್ಟಿಲು ಇಳಿಯಬೇಕು. ಅವರ ಮೊಣಕಾಲಿಗೆ ನಾಲ್ಕು ಮೆಟ್ಟಿಲೂ ಹೆಚ್ಚು. ಕಳೆದ ವಾರ ಅವರು ನನ್ನ ಕೈ ಹಿಡಿದು, “ಸಂತೆ ಹೋಗತ್ತಂತಲ್ಲ, ಒಲಿಂಪಿಯಾ?” ಎಂದು ಕೇಳಿದರು. ಇಲ್ಲ ಎಂದು ಹೇಳಿಬಿಟ್ಟೆ. ಹೇಳಿದ ಮೇಲೆ ಭಯವಾಯಿತು, ಈಗಲೂ ಆಗುತ್ತಿದೆ.

ಆದ್ದರಿಂದ ಮಾನ್ಯರೇ, ತಮ್ಮ ಅಪ್ಪಣೆಯಂತೆ ಇಳಿದಾಣ ಸಂಖ್ಯೆ ೨೧೪ನ್ನು ಕ್ರಮಬದ್ಧಗೊಳಿಸಿರುವುದನ್ನು ವಿನಯಪೂರ್ವಕವಾಗಿ ತಿಳಿಸುತ್ತೇನೆ. ಇದು ಇಳಿದಾಣವೇ ಎಂಬ ಅನುಮಾನ ತಮಗೆ ಬಂದಲ್ಲಿ ತಮ್ಮದೇ ಮೂರನೇ ನಿಯಮವನ್ನು ನೋಡುವುದು: “ನಿಗದಿತ ಗುರುತನ್ನು ಹೊಂದಿರುವ, ನೆಲಮಟ್ಟದ ಅಥವಾ ಎತ್ತರದ ಯಾವುದೇ ಮೇಲ್ಮೈ.” ಆ ಮೇಲ್ಮೈ ಬಟ್ಟೆಯದಾಗಿರಬಾರದೆಂದೋ, ಅದರ ಕೆಳಗೆ ಚೀಸ್ ಕರಗುತ್ತಿರಬಾರದೆಂದೋ ಎಲ್ಲಿಯೂ ಹೇಳಿಲ್ಲ. ಗಾಳಿಚೀಲಕ್ಕಾಗಿ ಜೆನಿವಾಲ್ದೊ ತನ್ನ ಕಿತ್ತಳೆ ಬಣ್ಣದ ಹಳೆಯ ಪ್ಯಾಂಟಿನ ಒಂದು ಕಾಲನ್ನು ದಾನ ಮಾಡಿದ್ದಾನೆ. ಅದು ಗಾಳಿಯ ದಿಕ್ಕನ್ನು ತೋರಿಸುವುದಲ್ಲದೆ ಮೀನಿನ ಸಾಲು ಯಾವ ಕಡೆಗಿದೆ ಎಂಬುದನ್ನೂ ಮೂಗಿಗೆ ತಿಳಿಸುತ್ತದೆ. ಬೆಂಕಿ ನಂದಿಸುವ ಸಿಲಿಂಡರ್ ಎಣ್ಣೆಯ ಬಾಣಲೆಯಿಂದಾಗಿ ನನ್ನಲ್ಲಿ ಮೊದಲಿನಿಂದಲೂ ಇದೆ. ಸಿಬ್ಬಂದಿಯ ತರಬೇತಿಯೂ ಆಗಿದೆ: ಹೆಲಿಕಾಪ್ಟರ್ ಬಂದರೆ ಸೊಪ್ಪಿನವಳು ಕೊತ್ತಂಬರಿ ಬೀಸಿ ದಾರಿ ತೋರುವುದು, ಮೀನಿನವನು ಬೆಕ್ಕುಗಳನ್ನು ಓಡಿಸುವುದು ಎಂದು ಕೆಲಸ ಹಂಚಿಕೊಂಡಿದ್ದೇವೆ. ಇಲ್ಲಿಯವರೆಗೆ ಇಳಿದವುಗಳ ವಿವರ: ಪಾರಿವಾಳಗಳು ಹಲವು, ದಾರ ಕಡಿದ ಗಾಳಿಪಟ ಮೂರು, ನಾಲ್ಕನೇ ಮಹಡಿಯ ಬಾಲ್ಕನಿಯಿಂದ ಒಂದು ಕಾಲುಚೀಲ. ಯಾರಿಗೂ ಗಾಯವಾಗಿಲ್ಲ.

ಕ್ರಮಬದ್ಧವಾದ ಮೇಲೆ ನನಗೂ ಕೆಲವು ಹಕ್ಕುಗಳಿರುವುದನ್ನು ತಮ್ಮ ಪುಸ್ತಕದಿಂದಲೇ ತಿಳಿದು ಸಂತೋಷಪಟ್ಟೆ. ಹದಿನೇಳನೇ ನಿಯಮದಂತೆ, ಇಳಿದಾಣಕ್ಕೆ ಬರುವ ದಾರಿಯಲ್ಲಿ ಎತ್ತರದ ಅಡೆತಡೆ ಇರಕೂಡದು. ನನ್ನ ಇಳಿದಾಣ ನೆಲದಿಂದ ಎರಡೂವರೆ ಮೀಟರ್ ಎತ್ತರದಲ್ಲಿದ್ದು, ಎದುರಿಗೆ ಮೂವತ್ತೆರಡು ಮಹಡಿಯ ಒಂದು ಗಾಜಿನ ಗೋಪುರ ಅಡ್ಡ ನಿಂತಿದೆ. ತಾವು ದಯಮಾಡಿ ಅದನ್ನು ಮೂವತ್ತೊಂದು ಮಹಡಿಯಷ್ಟು ತಗ್ಗಿಸಿಕೊಡಬೇಕಾಗಿ ಪ್ರಾರ್ಥನೆ. ನನಗೆ ಅವಸರವಿಲ್ಲ, ಮುಂದಿನ ಗುರುವಾರದೊಳಗೆ ಆದರೆ ಸಾಕು. ಹಾಗೆಯೇ, ಇಲ್ಲಿ ಇಳಿಯಲು ಬರುವ ಹೆಲಿಕಾಪ್ಟರುಗಳು ರೆಕ್ಕೆ ನಿಲ್ಲಿಸಿಕೊಂಡು ಡೋನಾ ಎಸ್ತೆಲೀತಾ ಅವರ ಹಿಂದೆ ಸಾಲಿನಲ್ಲಿ ನಿಲ್ಲಬೇಕೆಂದು ಒಂದು ಉಪನಿಯಮವನ್ನು ಸೇರಿಸಿದರೆ ಉಪಕಾರವಾಗುತ್ತದೆ. ಅವರು ಹಣ್ಣು ಆರಿಸುವುದು ಸ್ವಲ್ಪ ನಿಧಾನ.

ಗೋಪುರದವರ ಮೇಲೆ ನನಗೆ ದ್ವೇಷವಿಲ್ಲ. ಈ ಊರಿನ ವಾಹನ ದಟ್ಟಣೆಯಲ್ಲಿ ಸಿಕ್ಕಿಬಿದ್ದವರಿಗೆ ಹಾರಿಹೋಗಬೇಕೆನಿಸುವುದು ಸಹಜ. ಬಸ್ಸಿನಲ್ಲಿ ನಿಂತು ನಾನೂ ಎಷ್ಟೋ ಸಲ ಹಾಗೆ ಅಂದುಕೊಂಡಿದ್ದೇನೆ. ಆದರೆ ಅವರು ಒಂದೇ ಒಂದು ಗುರುವಾರ ಮಧ್ಯಾಹ್ನ ಲಿಫ್ಟಿನಲ್ಲಿ ಕೆಳಗಿಳಿದು ಬರಲಿ ಎಂದು ನನ್ನಾಸೆ. ಬಿಸಿ ಪಾಸ್ತೆಲ್, ಕಬ್ಬಿನ ಹಾಲು ಕೊಡುತ್ತೇನೆ. ಇಳಿಯುವುದಕ್ಕೆ ಪರವಾನಗಿ ಬೇಡ.

ಕೊನೆಯದಾಗಿ ಒಂದು ಮಾತು. ಈ ಪತ್ರದಲ್ಲಿ ನಾನು ಒಂದು ಸಾಲನ್ನೂ ಸುಳ್ಳು ಬರೆದಿಲ್ಲ. ಇದು ಇಳಿದಾಣ ಎಂದು ಮೊದಲು ಹೇಳಿದವರು ತಾವು, ಮೊಹರು ಒತ್ತಿದವರೂ ತಾವೇ. ದೊಡ್ಡವರ ಮಾತನ್ನು ತಿದ್ದುವ ಧೈರ್ಯ ನನಗಿಲ್ಲ. ತಾವೂ ತಿದ್ದಿಕೊಳ್ಳಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ತಮ್ಮ ವಿಶ್ವಾಸಿ,
ಒಲಿಂಪಿಯಾ ಹಿಗಾ
ಇಳಿದಾಣ ಸಂಖ್ಯೆ ೨೧೪ (ಗುರುವಾರ ಮಾತ್ರ)

ತಾಜಾ ಕಲಂ: ನಿನ್ನೆ ಆ ಎಂಬತ್ತೇಳನೇ ಟೋಕನ್ನಿನ ಕೋಟುಧಾರಿ ಬಂದು, ನನ್ನ ಹಳೆಯ ಟಾರ್ಪಾಲನ್ನು ಕೇಳಿದಷ್ಟು ಬೆಲೆಗೆ ಕೊಳ್ಳುವುದಾಗಿ ಹೇಳಿದ. ನಾನು ಕೊಡಲಿಲ್ಲ. ಆದರೆ ಇಂಥ ಬಟ್ಟೆಗೆ ಇಷ್ಟು ಗಿರಾಕಿ ಇರುವುದನ್ನು ಕಂಡ ಸಂತೆಯವರೆಲ್ಲ ಆಗಲೇ ಹಳದಿ ಮತ್ತು ಬಿಳಿ ಬಣ್ಣ ತರಿಸಿದ್ದಾರೆ. ಬರುವ ಗುರುವಾರದಿಂದ ಈ ರಸ್ತೆಯಲ್ಲಿ ಒಟ್ಟು ನಲವತ್ತೇಳು ಇಳಿದಾಣಗಳಿರುತ್ತವೆ. ದಯವಿಟ್ಟು ೨೧೫ರಿಂದ ಮುಂದಿನ ಸಂಖ್ಯೆಗಳನ್ನು ಸಿದ್ಧವಾಗಿಟ್ಟುಕೊಳ್ಳಿ. ಡೋನಾ ಎಸ್ತೆಲೀತಾ ಅವರೂ ತಮ್ಮ ಕೊಡೆಯ ಮೇಲೆ ಒಂದು ಬರೆಸಿಕೊಂಡಿದ್ದಾರೆ. ಆ ಇಳಿದಾಣಕ್ಕೆ ನೋಟೀಸು ಕೊಡುವುದಿದ್ದರೆ ತಮ್ಮ ಜವಾನರು ಒಂದು ಗಂಟೆಗೆ ಬರಲಿ, ಹೊರಡುವಾಗ ಆ ಅಜ್ಜಿಯ ಚೀಲವನ್ನು ಮನೆಯವರೆಗೆ ಹೊತ್ತುಕೊಡಲಿ.