ಅಮೇರಿಕಾದ ಮನಿಗೆ ಹುಕ್ಕೇರಿ ರುಮಾಲು

ನಾಟಕದ ಹುಚ್ಚು ಹಿಡದಾಂವ ಫಜೀತಿ ಹುಡಕ್ಕೊಂಡು ಹೋಗಬೇಕಾಗಿಲ್ಲ, ಅದ ಮನಿ ಕೇಳಕೋತ ಬರತೈತಿ. ನನಗ ಮೂರೂರಾಗ ಬಂತು. ಎರಡು ನೆನಸಿದ್ರ ಈಗೂ ನಗಿ ಬರತೈತಿ. ಮೂರನೇದಕ್ಕ ಕೇಳಿದವರೆಲ್ಲಾ ನಗತಾರ, ನನಗ ಆಗೂದಿಲ್ಲ.

ಬೆಳಗಾವಿ ಜಿಲ್ಲಾ ಮುಂಬೈ ಬಿಟ್ಟು ಮೈಸೂರಿಗೆ ಕೂಡಿದ ಹೊಸತು. ನಾನು ಗೋಕಾಕದಾಗ ಇಂಗ್ಲಿಷ್ ಮಾಸ್ತರ. ಅಪ್ಪಂದು ಹುಕ್ಕೇರಿಯಾಗ ಅರಬಿ-ಬಟ್ಟಿ ಅಂಗಡಿ. "ಅಂಗಡಿ ಗಾದಿ ಮ್ಯಾಲೆ ಕುಂಡ್ರು" ಅಂದ. ನಾ ಒಲ್ಲೆ ಅಂದು ಟ್ರಂಕ್ ಹಿಡಕೊಂಡು ಹೊಂಟು ಬಂದ್ನಿ. ಎರಡು ವರ್ಷ ಅಪ್ಪ-ಮಗನ ನಡುವ ಮಾತಿಲ್ಲ, ಕಾಗದ ಇಲ್ಲ.

ಅಷ್ಟರಾಗ ಅಮೇರಿಕಾದ ಒಂದು ಹೆಸರಾದ ನಾಟಕ ಓದಿದ್ನಿ. ರಾಜಾ ಇಲ್ಲ, ರಾಕ್ಷಸ ಇಲ್ಲ, ಒಂದು ಹಾಡೂ ಇಲ್ಲ. ಅಪ್ಪ, ಅವ್ವ, ಮಗ, ಒಂದು ಊಟದ ಟೇಬಲ್. ಅಪ್ಪ-ಮಗ ಜಗಳಾಡತಾರ, ಮಗ ಮನಿ ಬಿಟ್ಟು ಹೋಗತಾನ, ಪಡದಿ ಬೀಳತೈತಿ. ಓದಿ ಅತ್ತುಬಿಟ್ನಿ. ಕನ್ನಡಕ್ಕ ತಂದ್ನಿ, ಮಗನ ಪಾರ್ಟು ನಾನ ಇಟ್ಕೊಂಡ್ನಿ. ಆಸೆ ಒಂದ: ಹುಕ್ಕೇರಿಯಾಗ ಆಡಬೇಕು, ಅಪ್ಪ ನೋಡಬೇಕು, ನೋಡಿ ಒಂದು ಮಾತು ಆಡಬೇಕು.

ಗೋಕಾಕ: ಊಟ ಮುಗೀಲಿಲ್ಲ

ಅಪ್ಪನ ಪಾರ್ಟು ಊರಿನ ಕಂದಾಯದ ಲೆಕ್ಕ ಬರಿಯೂ ನಮ್ಮ ತಲಾಠಿಯವರದು, ಅವ್ವನ ಪಾರ್ಟು ಟೇಲರ್‌ಂದು. ಊಟದ ಸೀನಿನ್ಯಾಗ ಮೂರೂ ಮಂದಿ ಕೂಡೇ ಉಣಬೇಕು. ಟೇಲರ್ ಕುರ್ಚಿ ಮ್ಯಾಲೆ ಕುಂಡ್ರಲೇ ಒಲ್ಲ.

"ಗಂಡ ಉಣ್ಣೂಮುಂದ ಹೆಂಗ್ ಕುಂಡ್ರೂದ್ರಿ ಮಾಸ್ತರ? ನಾಚಿಗಿ ಆಕ್ಕೈತಿ."

"ನೀ ಗಂಡಸ ಅದಿಯೋ ಮಾರಾಯಾ!"

"ಸೀರಿ ಉಟ್ಟ ಮ್ಯಾಲೆ ಅಲ್ರಿ."

ನಾಟಕದ ದಿನಾ ಸೆರಗು ಹೊತ್ತು ನಿಂತ್ಕೊಂಡ ಬಡಿಸಿದ. ಬ್ರೆಡ್ಡು ಸಿಗಲಿಲ್ಲಂತ ಹೋಳಿಗಿ ಮಾಡಿಸಿದ್ವಿ. ತಲಾಠಿಯವರು ಸಿಟ್ಟಿನ ಮಾತು ಸುರು ಮಾಡಬೇಕು ಅನ್ನೂದರಾಗ "ಇನ್ನೊಂದು ಹಾಕಸ್ಕೋರಿ, ನನ್ನಾಣಿ" ಅಂತ ತಾಟಿಗೆ ಒಂದು ಬೀಳತಿತ್ತು. ಆಣಿ ಇಟ್ಟ ಮ್ಯಾಲೆ ಬ್ಯಾಡ ಅನ್ನಾಕ ಬರತೈತೇನು? ಐದನೇ ಹೋಳಿಗಿಗೆ ತಲಾಠಿಯವರು ನನ್ನ ಕಡೆ ನೋಡಿ ತುಂಬಿದ ಬಾಯಿಲೇ ಅಂದ್ರು: "ಜಗಳ ನಾಳೆ ಆಡೋಣಪಾ ಮಗನ, ಈಗ ಆಗೂದಿಲ್ಲ."

ಮೂಡಲಗಿ: ಹೋದಾಂವ ತಿರುಗಿ ಬಂದ

ಮೂಡಲಗಿಯಾಗ ಹೋಳಿಗಿ ಬಂದ್ ಮಾಡಿದ್ನಿ. ನಾಟಕ ಕಟ್ಟುನಿಟ್ಟಾಗಿ ನಡೀತು. ಕಡೀ ಸೀನು. "ಈ ಮನಿಗೆ ಇನ್ನೊಮ್ಮೆ ಕಾಲಿಡೂದಿಲ್ಲ" ಅಂತ ಟ್ರಂಕ್ ಎತ್ತಿಕೊಂಡು ಹ್ವಾದ್ನಿ. ಚಪ್ಪಾಳೆ ಸುರು ಆತು. "ವನ್ಸ್ ಮೋರ್!" ಅಂತ ಕೂಗು ಎದ್ದಿತು. ನಮ್ಮ ಕಡೆ ಮಂದಿ ವನ್ಸ್ ಮೋರ್ ಅಂದ್ರ ಆತು, ಮತ್ತ ಮಾಡದಿದ್ರ ಮನಿಗೆ ಹೋಗೂದಿಲ್ಲ. ತಿರುಗಿ ಬಂದ್ನಿ, ಮತ್ತ ಅದ ಮಾತು ಅಂದು ಹ್ವಾದ್ನಿ. ಮತ್ತ ವನ್ಸ್ ಮೋರ್! ಮೂರನೇ ಸಲ ಒಳಗ ಬಂದಾಗ ಮುಂದ ಕುಂತ ಮುದುಕಿ ಒಬ್ಬಾಕಿ ಎದ್ದು ನಿಂತು ಬೈದಳು: "ಏ ಭಾಡ್ಯಾ, ಹೋಗತಿದ್ರ ಖರೇನ ಹೋಗು! ಸುಮ್ನ ಎಷ್ಟ ಸಲ ಅಪ್ಪನ್ನ ಅಂಜಸ್ತೀ?"

ಹುಕ್ಕೇರಿ: ಯಾರೂ ಮ್ಯಾಲೆ ಬರಬ್ಯಾಡ್ರಿ

ನನಗ ಸಿಟ್ಟು ನೆತ್ತಿಗೇರಿತು. ಹುಕ್ಕೇರಿಯಾಗ ನಾಟಕಕ್ಕ ಮದಲ ನಾನ ಪಡದಿ ಮುಂದ ಬಂದು ಕೈ ಮುಗದು ಹೇಳಿದ್ನಿ: "ಇದು ಅಮೇರಿಕಾದ ನಾಟಕ ಐತ್ರಿ. ವನ್ಸ್ ಮೋರ್ ಇಲ್ಲ, ಆಯೇರಿ ಇಲ್ಲ. ನಾಟಕ ನಡದಾಗ ಯಾರೂ ಸ್ಟೇಜ್ ಹತ್ತಬ್ಯಾಡ್ರಿ."

ಆಯೇರಿ ಅಂದ್ರ, ಒಬ್ಬರ ಪಾರ್ಟು ಮನಸ್ಸಿಗೆ ಬಂತಂದ್ರ ನಮ್ಮ ಮಂದಿ ನಾಟಕದ ನಡುವನ ಸ್ಟೇಜ್ ಹತ್ತಿ ರುಮಾಲು ಸುತ್ತತಾರ, ಟವೆಲ್ ಹೊಚ್ಚತಾರ. ಸತ್ತ ಬಿದ್ದಾಂವನೂ ಎದ್ದು ಕುಂತು ಸುತ್ತಿಸ್ಕೊಂಡು ಮತ್ತ ಸಾಯತಾನ. ನನ್ನ ನಾಟಕದಾಗ ಅದೆಲ್ಲಾ ನಡಿಯೂದಿಲ್ಲಂತ ನನಗ ಠೇಂಕಾರ.

ಅಪ್ಪಗ ಅವ್ವನ ಕೈಲೆ ಹೇಳಿ ಕಳಿಸಿದ್ನಿ. ಬಂದಾನೋ ಇಲ್ಲೋ ಗೊತ್ತಿಲ್ಲ. ಗ್ಯಾಸಬತ್ತಿ ಕಣ್ಣಿಗೆ ಹೊಡದು ಮಂದಿ ಮಾರಿ ಕಾಣತಿರಲಿಲ್ಲ.

ಕಡೀ ಸೀನು. ಟ್ರಂಕ್ ಎತ್ತಿದ್ನಿ. ಮಂದಿ ಗಪ್‌ಚಿಪ್. ಜೀವಮಾನದಾಗ ಅಂಥಾ ಅಭಿನಯ ಮಾಡಿರಲಿಲ್ಲ. ಅಷ್ಟರಾಗ ಬೆನ್ನ ಹಿಂದ ಸ್ಟೇಜಿನ ಹಲಗಿ ಕಿರ್ ಅಂತು, ಯಾರೋ ನನ್ನ ಹೆಗಲ ಮ್ಯಾಲೆ ಕೈ ಇಟ್ರು. ತಿರುಗಿ ನೋಡದನ ಹಲ್ಲು ಕಡದು ಅಂದ್ನಿ: "ಬುದ್ಧಿ ಐತೇನ್ರಿ ನಿಮಗ? ಕೆಳಗ ಇಳೀರಿ ಮದಲ!"

"ಆತಪಾ," ಅಂತ ಹಿಂದಿಂದ ಬಂತು.

ಆ ದನಿ ನನಗ ಗೊತ್ತಿಲ್ಲೇನು? ತಿರುಗಿದ್ನಿ. ಅಪ್ಪ ಮೆಟ್ಟಲ ಇಳ್ಯಾಕತ್ತಿದ್ದ. ಕೈಯಾಗ ಅಂಗಡಿಯ ಹೊಸಾ ಜರಿ ರುಮಾಲು, ಗಂಜಿ ಸೈತ ಮುರಿದಿರಲಿಲ್ಲ. ಎರಡು ವರ್ಷ ಮಾತಾಡದಾಂವ ಊರ ಮುಂದ ಮಗನ ತಲಿಗೆ ರುಮಾಲು ಸುತ್ತಾಕ ಬಂದಿದ್ದ.

ಅಪ್ಪಾ ಅನ್ನಬೇಕಾಗಿತ್ತು. ಅನ್ನಲಿಲ್ಲ. ನಾಟಕ ಕೆಡತೈತಿ ಅಂತ ಟ್ರಂಕ್ ಹಿಡಕೊಂಡು, ಪುಸ್ತಕದಾಗ ಬರದಂಗ, ಬಾಗಲ ದಾಟಿ ಹ್ವಾದ್ನಿ. ಇಂಥಾ ಮುಠ್ಠಾಳ ಹುಕ್ಕೇರಿ ತಾಲೂಕಿನ್ಯಾಗ ಮತ್ತೊಬ್ಬ ಹುಟ್ಟಿಲ್ಲ.

ಮಂದಿ ಅದೂ ನಾಟಕಾನ ಅಂತ ತಿಳದ್ರು. ಸೀಟಿ, ಚಪ್ಪಾಳೆ, ಮಂಡಪ ಹಾರಿ ಹೋಗಬೇಕು. "ಇಬ್ರು ಅಪ್ಪಂದಿರ್ನ ಇಟ್ಟಾರ ನೋಡಲೇ! ಈ ಎರಡನೇ ಮುದುಕನ ಪಾರ್ಟು ಭಾರಿ!" ಅಂತ ಒಬ್ಬ. ನಾ ಹಾಕಿದ ಕಾಯ್ದೆ ಯಾರಿಗೆ ನೆನಪು? ಊರಿಗೆ ಊರ ಎದ್ದು ನಿಂತು ಕೂಗಿತು: "ವನ್ಸ್ ಮೋರ್! ಆ ಮುದುಕನ್ನ ಮತ್ತ ಕಳಸ್ರಿ!"

ಅವತ್ತು ನಾ ಮಂದಿ ಮಾತು ಕೇಳಿದ್ನಿ. ಟ್ರಂಕ್ ಒಗದು ಓಡಿ ಸ್ಟೇಜಿಗೆ ಬಂದ್ನಿ, ರುಮಾಲು ಸುತ್ತಿಸ್ಕೊಳ್ಳಾಕ ತಲಿ ಬಗ್ಗಿಸಿ ನಿಂತ್ನಿ. ವನ್ಸ್ ಮೋರ್, ವನ್ಸ್ ಮೋರ್ ಅಂತ ಮಂದಿ ಗಂಟಲಾ ಹರಕೊಂಡ್ರು. ಅಪ್ಪ ಬರಲಿಲ್ಲ.