ಒಪ್ಪಿಗೆಯ ಪಾಠ

ಅತಿಥಿ ಉಪನ್ಯಾಸಕನಿಗೆ ದಿಗಿಲಾಗಲು ದೆವ್ವ ಬೇಕಿಲ್ಲ, ಕ್ಲಾಸಿಗೆ ಹೋದರೆ ಸಾಕು. ಮೂರು ಊರಿನ ಮೂರು ಕಾಲೇಜುಗಳಲ್ಲಿ ನಾನು ರಾಜಕೀಯ ಚಿಂತನೆ ಕಲಿಸುತ್ತಿದ್ದೆ. ಮುಂದಿನ ಸೆಮಿಸ್ಟರಿಗೆ ಕೆಲಸ ಇರುತ್ತದೋ ಇಲ್ಲವೋ ಎಂಬ ಭಯ ಮೂರರಲ್ಲೂ ಒಂದೇ.

ಕಡೂರು

"ರಾಜ್ಯ ಹುಟ್ಟಿದ್ದು ಜನ ತಮ್ಮತಮ್ಮಲ್ಲೇ ಮಾಡಿಕೊಂಡ ಒಪ್ಪಂದದಿಂದ" ಎಂದು ಒಂದು ಗಂಟೆ ಗಂಟಲು ಹರಿದುಕೊಂಡೆ. ಪಂಚನಹಳ್ಳಿ ಕಡೆಯ ಹುಡುಗಿಯೊಬ್ಬಳು ಎದ್ದಳು.

"ಸಾಕ್ಷಿ ಹಾಕಿದ್ದು ಯಾರು ಸಾರ್?"

"ಸಾಕ್ಷಿ ಎಲ್ಲಿಂದ ಬಂತಮ್ಮಾ? ಅದು ಕಲ್ಪನೆಯ ಒಪ್ಪಂದ."

"ನಮ್ಮಪ್ಪ, ಚಿಕ್ಕಪ್ಪ ಒಂದ್ ಬೋರ್‌ವೆಲ್ಲಿಗೆ ಛಾಪಾ ಕಾಗದದಲ್ಲಿ ಬರ್ಕೊಂಡಿದ್ದೇ ನಿಲ್ಲಲಿಲ್ಲ. ಇಡೀ ದೇಶದ್ದು ಬಾಯ್ಮಾತಲ್ಲೇ ಮುಗ್ದೋಯ್ತಾ?"

ಮಾರನೇ ದಿನ ಆ ಬೋರ್‌ವೆಲ್ ಕರಾರಿನ ಜೆರಾಕ್ಸ್ ತಂದು, "ಹೀಗಿರ್ಬೇಕು ಸಾರ್" ಎಂದು ಮೇಜಿನ ಮೇಲಿಟ್ಟಳು.

ಅಜ್ಜಂಪುರ

ಕಿರುಪರೀಕ್ಷೆಯಲ್ಲಿ ಪರಮಾಧಿಕಾರಕ್ಕೆ ಉದಾಹರಣೆ ಕೇಳಿದ್ದೆ. ಒಬ್ಬ ಬರೆದಿದ್ದ: "ಯಾರೂ ಪ್ರಶ್ನಿಸಲಾಗದ ಅಧಿಕಾರ. ಉದಾ: ನಮ್ಮೂರ ಬಸ್ಸಿನ ಕಂಡಕ್ಟರ್." ಮೈಯೆಲ್ಲ ಉರಿಯಿತು, ಸೊನ್ನೆ ಸುತ್ತಿದೆ.

ಅದೇ ಸಂಜೆ ಬಸ್ಸಿನಲ್ಲಿ ನನ್ನ ಸ್ಟಾಪು ಬಂತೆಂದು ಕೂಗಿದೆ. "ಇಲ್ಲಿ ನಿಲ್ಸಲ್ಲ ಕಣ್ರೀ, ಮುಂದ್ ಇಳೀರಿ" ಎಂದ ಕಂಡಕ್ಟರ್. ಯಾಕೆ ಎಂದರೆ ತಿರುಗಿಯೂ ನೋಡಲಿಲ್ಲ. ಒಂದು ಮೈಲಿ ಹಿಂದಕ್ಕೆ ನಡೆದು ಮನೆ ಸೇರಿದವನು, ಚಪ್ಪಲಿ ಬಿಡುವ ಮೊದಲೇ ಆ ಸೊನ್ನೆಯನ್ನು ಹೊಡೆದುಹಾಕಿ ಪೂರ್ತಿ ಅಂಕ ಕೊಟ್ಟೆ.

ತರೀಕೆರೆ

ಮುಂದಿನ ಸೆಮಿಸ್ಟರಿನ ನನ್ನ ಐಚ್ಛಿಕ ಪತ್ರಿಕೆಗೆ ಹದಿನೈದು ಮಂದಿ ಸೇರದಿದ್ದರೆ ಪತ್ರಿಕೆ ರದ್ದು, ನನ್ನ ಕೆಲಸವೂ ರದ್ದು. ಸೇರಿದವರು ಹನ್ನೆರಡು. ಕೊನೆಯ ದಿನ ಬುದ್ಧಿಗೆ ಮಂಕು ಕವಿದು, ಇನ್ನೂ ಆಯ್ಕೆ ತಿಳಿಸದಿದ್ದ ಮೂವರ ಹೆಸರನ್ನು ನಾನೇ ಪಟ್ಟಿಗೆ ಸೇರಿಸಿಬಿಟ್ಟೆ.

ವಾರ ಕಳೆದು ಪ್ರಿನ್ಸಿಪಾಲರು ಕರೆದು ಒಂದು ಅರ್ಜಿ ಮುಂದಿಟ್ಟರು. "ಜನರ ಒಪ್ಪಿಗೆಯಿಲ್ಲದ ಅಧಿಕಾರ ನ್ಯಾಯವಲ್ಲವೆಂದು ನಮ್ಮ ಸರ್ ನೋಟ್ಸಿನ ನಾಲ್ಕನೇ ಪುಟದಲ್ಲಿದೆ. ಮೂವರನ್ನು ಕೇಳದೆಯೇ ಸೇರಿಸಿದ್ದನ್ನು ವಿರೋಧಿಸುತ್ತೇವೆ." ನನ್ನ ನೋಟ್ಸನ್ನು ಯಾರೋ ಓದಿದ್ದಾರೆ ಎಂಬುದೇ ಮೊದಲ ಆಘಾತ. ಕೆಳಗೆ ನೋಡಿದರೆ ಹದಿನೈದು ಸಹಿ! ಆ ಮೂವರಿಗೆ ಬೆಂಬಲವಾಗಿ ಉಳಿದ ಹನ್ನೆರಡು ಜನವೂ ಪತ್ರಿಕೆ ಬಿಟ್ಟಿದ್ದರು.

"ಇದ್ನೆಲ್ಲಾ ನೀವೇ ಹೇಳ್ಕೊಟ್ಟಿದ್ದೇನ್ರೀ?" ಎಂದರು ಪ್ರಿನ್ಸಿಪಾಲರು.

"ಹೌದು ಸಾರ್, ನಾನೇ."

"ಚೆನ್ನಾಗೇ ಹೇಳ್ಕೊಟ್ಟಿದ್ದೀರಿ. ಮುಂದಿನ ಸೆಮಿಸ್ಟರಿಂದ ಬರ್ಬೇಡಿ."

ಹೊರಗೆ ಬಂದೆ. ಅರ್ಜಿ ಬರೆದು ಮೊದಲ ಸಹಿ ಹಾಕಿದ್ದ ಹುಡುಗಿ ಬಾಗಿಲಲ್ಲೇ ತಲೆ ತಗ್ಗಿಸಿ ನಿಂತಿದ್ದಳು. ಪಾಪ, ಕ್ಷಮೆ ಕೇಳುತ್ತಾಳೆಂದುಕೊಂಡೆ.

"ಸಾರ್, ಈ ಸೆಮಿಸ್ಟರ್ ಅಸೈನ್‌ಮೆಂಟ್ ನಾವ್ಯಾರೂ ಕೊಟ್ಟಿಲ್ವಲ್ಲ," ಎಂದಳು, "ಆ ಅರ್ಜೀನೇ ಅಸೈನ್‌ಮೆಂಟ್ ಅಂತ ತಗೊಂಡು, ಹದಿನೈದು ಜನಕ್ಕೂ ಇಂಟರ್ನಲ್ ಮಾರ್ಕ್ಸ್ ಹಾಕ್ಬಿಡಿ ಸಾರ್."